ಖೋಬರಿನ ದಂಪತಿ, ಬಹರೈನಿನ ಎರಡು ದಿನ

ಕಿರಿಯಾಕೆ: ಸೌದಿ ಅರೇಬಿಯಾದ ಪೂರ್ವ ಕರಾವಳಿಯ ದಮ್ಮಾಮ್, ಖೋಬರ್, ಜುಬೈಲ್ ಊರುಗಳಲ್ಲಿ ಕೆಲಸಕ್ಕಿರುವ ಭಾರತೀಯ ದಂಪತಿಗಳಿಗೆ ಎರಡು ದಿನ ಬಿಡುವು ಸಿಕ್ಕರೆ ಮೊದಲು ನೆನಪಾಗುವುದು ಬಹರೈನ್. ಇಷ್ಟು ದೊಡ್ಡ ದೇಶದೊಳಗೇ ನೋಡುವಂಥ ಜಾಗಗಳಿರುವಾಗ ಗಡಿ ದಾಟಿ ಹೋಗುವ ರೂಢಿ ಹೇಗೆ ಬಂತು ಅಕ್ಕ?

ಹಿರಿಯಾಕೆ: ದೂರವೇ ಅದಕ್ಕೆ ಮೊದಲ ಕಾರಣ. ಖೋಬರಿನಿಂದ ರಿಯಾದ್‌ಗೆ ಮರಳುಗಾಡಿನ ನಡುವೆ ಸುಮಾರು 400 ಕಿಲೋಮೀಟರ್. ಬಹರೈನಿನ ರಾಜಧಾನಿ ಮನಾಮಾಕ್ಕೆ 50ರ ಆಸುಪಾಸು. ನಡುವೆ ಸಮುದ್ರವಿತ್ತು, ಅಷ್ಟೆ. ಆ ಸಮುದ್ರದ ಮೇಲೆ ಕಿಂಗ್ ಫಹದ್ ಕಾಸ್‌ವೇ 1986ರ ನವೆಂಬರಿನಲ್ಲಿ ತೆರೆಯಿತು. ಅಲ್ಲಿಯ ತನಕ ಹೋಗಿಬರಲು ದೋಣಿ ಇಲ್ಲವೇ ವಿಮಾನ ಬೇಕಿತ್ತು. ಸ್ವಂತ ಕಾರಿನಲ್ಲಿ ಕೂತು ಒಂದು ಗಂಟೆಯಲ್ಲಿ ಬೇರೊಂದು ದೇಶ ಸೇರಬಹುದು ಎಂದಾದ ಮೇಲೆ ರೂಢಿ ತಾನಾಗಿ ಬೆಳೆಯಿತು.

ಕಿರಿಯಾಕೆ: ಸಮುದ್ರದ ನಡುವೆ ಅಷ್ಟು ಉದ್ದದ ಸೇತುವೆಯನ್ನು ಹೇಗೆ ನಿಲ್ಲಿಸಿದ್ದಾರೆ?

ಹಿರಿಯಾಕೆ: 25 ಕಿಲೋಮೀಟರ್ ದಾರಿ ಪೂರ್ತಿ ಸೇತುವೆಯಲ್ಲ. ಅಲ್ಲಿ ಕೊಲ್ಲಿ ಆಳವಿಲ್ಲ. ಕೆಲವೆಡೆ ಕಲ್ಲು ಮರಳು ತುಂಬಿ ಏರಿ ಕಟ್ಟಿದ್ದಾರೆ. ನೀರು ಹರಿಯಬೇಕಾದಲ್ಲಿ, ಹಡಗು ದೋಣಿ ದಾಟಬೇಕಾದಲ್ಲಿ ಕಂಬಗಳ ಮೇಲೆ ಐದು ಸೇತುವೆ ಎತ್ತಿದ್ದಾರೆ. ಅವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು 5 ಕಿಲೋಮೀಟರಿಗೂ ಹೆಚ್ಚು. ಖರ್ಚೆಲ್ಲ ಸೌದಿ ಸರ್ಕಾರದ್ದು. ನಡು ಸಮುದ್ರದಲ್ಲಿ ಮರಳು ತುಂಬಿ ಮಾಡಿದ ಒಂದು ದ್ವೀಪವಿದೆ. ಎರಡೂ ದೇಶಗಳ ಇಮಿಗ್ರೇಷನ್, ಕಸ್ಟಮ್ಸ್, ಮಸೀದಿ, ಎತ್ತರದ ಎರಡು ಗೋಪುರ ಎಲ್ಲವೂ ಅದರ ಮೇಲೆಯೇ. ಅರಬ್ಬರು ಈ ದಾರಿಯನ್ನು ‘ಜಿಸ್ರ್’, ಎಂದರೆ ಸೇತುವೆ, ಎನ್ನುತ್ತಾರೆ, ನಮ್ಮವರು ಕಾಸ್‌ವೇ ಎನ್ನುತ್ತಾರೆ. ಸೌದಿ ಪ್ರಜೆಗೆ ಅದು ನಿಜಕ್ಕೂ ಸೇತುವೆ. 1981ರಲ್ಲಿ ಸ್ಥಾಪನೆಯಾದ ಕೊಲ್ಲಿ ಸಹಕಾರ ಮಂಡಳಿಯ ಆರು ದೇಶಗಳವರು ಗುರುತಿನ ಚೀಟಿ ತೋರಿಸಿ ದಾಟುತ್ತಾರೆ. ಆ ದೇಶಗಳಲ್ಲಿ ಇಪ್ಪತ್ತು ವರ್ಷ ದುಡಿದ ಪರದೇಶಿಗೂ ಅದು ಗಡಿಯೇ. ಪ್ರವಾಸದ ತಯಾರಿ ಬಟ್ಟೆಬರೆಯಿಂದ ಶುರುವಾಗದೆ ಕಾಗದಪತ್ರದಿಂದ ಶುರುವಾಗುವುದು ಅದಕ್ಕೇ.

ಕಿರಿಯಾಕೆ: ಯಾವ ಯಾವ ಕಾಗದ?

ಹಿರಿಯಾಕೆ: ಪಾಸ್‌ಪೋರ್ಟು, ಇಕಾಮಾ (ಸೌದಿಯಲ್ಲಿ ನೆಲೆಸಲು ಕೊಡುವ ಅನುಮತಿ ಚೀಟಿ) ಎರಡರ ಅವಧಿಯೂ ಇನ್ನೂ ಬಾಕಿ ಇರಬೇಕು. ಆಮೇಲೆ ಬೇಕಾದದ್ದು ಎಕ್ಸಿಟ್ ರೀ-ಎಂಟ್ರಿ, ಎಂದರೆ ದೇಶ ಬಿಟ್ಟು ಹೋಗಿ ಮತ್ತೆ ಒಳಬರುವ ಅನುಮತಿ. ಒಂದೇ ಸಲ ಹೋಗಿಬರುವುದಕ್ಕೆ, ಎರಡು ತಿಂಗಳೊಳಗಾದರೆ, 200 ರಿಯಾಲ್. ಮೂರು ತಿಂಗಳಲ್ಲಿ ಎಷ್ಟು ಸಲವಾದರೂ ಹೋಗಿಬರುವುದಕ್ಕೆ 500. ಆ ಅವಧಿಯಲ್ಲಿ ಮೂರು ಸಲ ಹೋಗುವ ಅಂದಾಜಿದ್ದವರಿಗೆ ಎರಡನೆಯದೇ ಲಾಭ. ಲೆಕ್ಕ ತಲೆಗೆ ಒಂದರಂತೆ ಎನ್ನುವುದನ್ನು ಮರೆಯಬಾರದು. ಗಂಡ ಹೆಂಡತಿ ಇಬ್ಬರೂ ಒಂದು ಸಲ ಹೋಗಿಬಂದರೆ ಈ ಅನುಮತಿಗೇ 400 ರಿಯಾಲ್.

ಕಿರಿಯಾಕೆ: ಅದನ್ನು ಕಂಪನಿ ಕೊಡಬೇಕಲ್ಲವೇ?

ಹಿರಿಯಾಕೆ: ಮೊದಲು ಹಾಗೇ ಇತ್ತು. ಗುರುವಾರ ಮಧ್ಯಾಹ್ನ ಕಂಪನಿಯ ಕಚೇರಿಯಲ್ಲಿ ಕಾದು ನಿಂತು, ಕಫೀಲ್, ಎಂದರೆ ಕೆಲಸಕ್ಕೆ ಕರೆಸಿಕೊಂಡ ಮಾಲೀಕ, ಒಪ್ಪಿದರೆ ಪ್ರವಾಸ, ಇಲ್ಲದಿದ್ದರೆ ಮನೆ. 2021ರ ಮಾರ್ಚಿನಲ್ಲಿ ಕಾರ್ಮಿಕ ಸುಧಾರಣೆ ಜಾರಿಗೆ ಬಂದ ಮೇಲೆ ಅದರ ವ್ಯಾಪ್ತಿಗೆ ಬರುವ ನೌಕರರು ತಾವೇ ಅರ್ಜಿ ಹಾಕಿಕೊಳ್ಳಬಹುದು. ಹೆಂಡತಿ ಅವಲಂಬಿತಳ ವೀಸಾದಲ್ಲಿದ್ದರೆ ಅವಳ ಅನುಮತಿ ಸರ್ಕಾರದ ಅಬ್ಶೆರ್ ಆ್ಯಪ್‌ನಲ್ಲಿರುವ ಗಂಡನ ಖಾತೆಯಿಂದ ಬರುತ್ತದೆ. ಅವಳೇ ನೌಕರಿಯಲ್ಲಿದ್ದರೆ ಅವಳ ದಾಖಲೆ ಬೇರೆಯೇ. ಊರಿನಲ್ಲಿ ಶಾಲೆ ಕಾಲೇಜಿನಲ್ಲಿ ಪಾಠ ಹೇಳಿ, ಬ್ಯಾಂಕಿನಲ್ಲಿ ಲೆಕ್ಕ ನೋಡಿ ಬಂದ ಹೆಣ್ಣುಮಗಳಿಗೆ ಇಲ್ಲಿ ತನ್ನ ಹೆಸರು ಗಂಡನ ಫೋನಿನೊಳಗೆ ಒಂದು ಸಾಲಾಗಿ ಇರುವುದು ನೋವಿನ ಮಾತು. ಆ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಈ ಪ್ರವಾಸದ ಹೊತ್ತಿನಲ್ಲೇ. ಇನ್ನೊಂದು ಎಚ್ಚರಿಕೆಯೂ ಬೇಕು. ಎಕ್ಸಿಟ್ ರೀ-ಎಂಟ್ರಿ ಬೇರೆ, ಫೈನಲ್ ಎಕ್ಸಿಟ್ ಬೇರೆ. ಎರಡನೆಯದನ್ನು ಒತ್ತಿ ದಾಟಿದರೆ ಮತ್ತೆ ಒಳಗೆ ಬರಲು ಹೊಸ ವೀಸಾ ಬೇಕು.

ಕಿರಿಯಾಕೆ: ಬಹರೈನಿನವರ ಕಡೆಯಿಂದ?

ಹಿರಿಯಾಕೆ: ಅವರ ವೀಸಾ ಬೇರೆ. ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಟ್ಟುಕೊಂಡರೆ ಗಡಿಯಲ್ಲಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿ ಓಡಾಡುವ ಕಷ್ಟ ತಪ್ಪುತ್ತದೆ. ಕಾರಿಗೂ ಕಾಗದ ಬೇಕು. ಬಹರೈನಿನಲ್ಲಿ ನಡೆಯುವ ಇನ್ಶೂರೆನ್ಸ್ ಇರಬೇಕು. ಕಾರು ಕಂಪನಿಯ ಹೆಸರಿನಲ್ಲೋ ಬಾಡಿಗೆಯದೋ ಆಗಿದ್ದರೆ ದೇಶದಾಚೆ ಒಯ್ಯಲು ಮಾಲೀಕರ ಒಪ್ಪಿಗೆ ಪತ್ರ ಬೇಕು. ಸೇತುವೆಯ ಸುಂಕ ಕಟ್ಟಿ, 12 ಕಿಲೋಮೀಟರ್ ಸಮುದ್ರ ನೋಡುತ್ತಾ ಬಂದವರು ಈ ಒಂದು ಪತ್ರವಿಲ್ಲದೆ ಗಡಿಯ ದ್ವೀಪದಿಂದ ಹಿಂದಿರುಗುವುದುಂಟು.

ಕಿರಿಯಾಕೆ: ಹೊರಡುವುದು ಯಾವ ದಿನ ಒಳ್ಳೆಯದು?

ಹಿರಿಯಾಕೆ: ಅದಕ್ಕೆ ವಾರದ ರಜೆಯ ಕತೆ ತಿಳಿದಿರಬೇಕು. ಸೌದಿಯಲ್ಲಿ ಹಿಂದೆ ಗುರುವಾರ, ಶುಕ್ರವಾರ ರಜೆ. 2013ರ ಜೂನಿನಲ್ಲಿ ಅದು ಶುಕ್ರವಾರ, ಶನಿವಾರವಾಯಿತು. ಬಹರೈನ್ 2006ರಲ್ಲೇ ಹಾಗೆ ಬದಲಿಸಿಕೊಂಡಿತ್ತು. ನಡುವಿನ ಏಳು ವರ್ಷ ಎರಡೂ ದೇಶಕ್ಕೆ ಒಟ್ಟಿಗೆ ರಜೆಯಿದ್ದದ್ದು ಶುಕ್ರವಾರ ಒಂದೇ ದಿನ. ಈಗ ಎರಡು ದಿನವೂ ಕೂಡಿಬರುವುದರಿಂದ ಜನವೂ ಒಟ್ಟಿಗೆ ಹೊರಡುತ್ತಾರೆ. ಗುರುವಾರ ಸಂಜೆ ಬಹರೈನ್ ಕಡೆಗೆ, ಶನಿವಾರ ಸಂಜೆ ಸೌದಿ ಕಡೆಗೆ ಕಾರಿನ ಸಾಲು ಗಂಟೆಗಟ್ಟಲೆ ನಿಲ್ಲುತ್ತದೆ. ಶುಕ್ರವಾರ ಬೆಳಗಿನ ಜಾವ ಹೊರಟು ಶನಿವಾರ ಊಟದ ಹೊತ್ತಿಗೆ ಹಿಂದಿರುಗುವವರಿಗೆ ಅರ್ಧ ದಿನ ಉಳಿಯುತ್ತದೆ. ಬೆಳಗಿನ ಬಿಸಿಲಿನಲ್ಲಿ ಎರಡೂ ಬದಿಯ ನೀರು ತಿಳಿ ಹಸಿರಾಗಿರುವುದನ್ನು ನೋಡುತ್ತಾ ದಾಟುವ ಸುಖ ಕತ್ತಲಲ್ಲಿ ಹೋಗುವವರಿಗೆ ಸಿಗುವುದಿಲ್ಲ.

ಕಿರಿಯಾಕೆ: ದುಡ್ಡು ಬದಲಿಸಿಕೊಳ್ಳಬೇಕೇ?

ಹಿರಿಯಾಕೆ: ಬೇಕಿಲ್ಲ. ಎರಡು ನಾಣ್ಯಗಳ ಬೆಲೆಯೂ ಡಾಲರಿಗೆ ಕಟ್ಟಿಟ್ಟದ್ದು. ಒಂದು ದಿನಾರ್ ಹೆಚ್ಚುಕಡಿಮೆ ಹತ್ತು ರಿಯಾಲ್. ಮನಾಮಾದ ಅಂಗಡಿಗಳಲ್ಲಿ ರಿಯಾಲ್ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಇಂಥದೇ ‘ಹತ್ತಕ್ಕೊಂದು’ ಲೆಕ್ಕ ನಮ್ಮ ದೇಶದ ಒಂದು ಕತೆಯಲ್ಲೂ ಬರುತ್ತದೆ. ಬಹರೈನಿನಲ್ಲಿ ಬಹುಕಾಲ ಓಡಾಡಿದ್ದು ಭಾರತದ ರೂಪಾಯಿ. ಅಲ್ಲಿ ಆ ರೂಪಾಯಿ ಕೊಟ್ಟು ಚಿನ್ನ ಕೊಂಡು ಕಳ್ಳದಾರಿಯಲ್ಲಿ ಮುಂಬಯಿಗೆ ಸಾಗಿಸುವವರು ಹೆಚ್ಚಾಗಿ ಭಾರತದ ವಿದೇಶಿ ವಿನಿಮಯ ಸೋರತೊಡಗಿತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ರೂಪಾಯಿ ನೋಟು ಹೊರಡಿಸಿತು. 1965ರಲ್ಲಿ ಬಹರೈನ್ ತನ್ನದೇ ದಿನಾರ್ ತಂದಾಗ ಹತ್ತು ರೂಪಾಯಿಗೆ ಒಂದು ದಿನಾರ್ ಎಂದು ಬದಲಿಸಿಕೊಟ್ಟರು. ಇಂದು ಅಲ್ಲಿ ಚಹಾಕ್ಕೆ ರಿಯಾಲ್ ಎಣಿಸುವ ದಂಪತಿಯ ಅಜ್ಜನ ಕಾಲದಲ್ಲಿ ಅದೇ ಚಹಾಕ್ಕೆ ರೂಪಾಯಿ ಆಣೆ ನಡೆಯುತ್ತಿತ್ತು.

ಕಿರಿಯಾಕೆ: ಹಿಂದಿನವರು ಹೆಚ್ಚಾಗಿ ಸಿನಿಮಾ ನೋಡುವುದಕ್ಕೆ ಹೋಗುತ್ತಿದ್ದರಂತೆ.

ಹಿರಿಯಾಕೆ: ಹೌದು. ಸೌದಿಯಲ್ಲಿ ಮೂವತ್ತೈದು ವರ್ಷದಷ್ಟು ಕಾಲ ಚಿತ್ರಮಂದಿರ ಇರಲಿಲ್ಲ. ದೊಡ್ಡ ಪರದೆಯಲ್ಲಿ ಒಂದು ಹಿಂದಿ ಚಿತ್ರ ನೋಡಬೇಕೆಂದರೆ ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. 2018ರ ಏಪ್ರಿಲಿನಲ್ಲಿ ರಿಯಾದ್‌ನಲ್ಲಿ ಚಿತ್ರಮಂದಿರ ತೆರೆಯಿತು, ಆಮೇಲೆ ಪೂರ್ವದ ಊರುಗಳಿಗೂ ಬಂತು. ಅದೇ ವರ್ಷ ಜೂನಿನಲ್ಲಿ ಹೆಂಗಸರು ಕಾರು ಓಡಿಸಬಹುದು ಎಂದಾಯಿತು. ಅಲ್ಲಿಯ ತನಕ ಗಂಡನೊಬ್ಬನೇ ಸ್ಟಿಯರಿಂಗ್ ಹಿಡಿದು, ಗಡಿಯ ಸಾಲಿನಲ್ಲಿ ನಿದ್ದೆಗೆಟ್ಟು ಕೂರಬೇಕಿತ್ತು. ಈಗ ಹೋಗುವಾಗ ಒಬ್ಬರು, ಬರುವಾಗ ಒಬ್ಬರು. ಕೆಲವರು ಮದ್ಯಕ್ಕಾಗಿಯೂ ಹೋಗುತ್ತಾರೆ. ಬಹರೈನಿನಲ್ಲಿ ಪರವಾನಗಿಯಿರುವ ಹೋಟೆಲುಗಳಲ್ಲಿ ಅದು ಸಿಗುತ್ತದೆ. ಕಾರಿನಲ್ಲಿ ಒಂದು ಬಾಟಲಿ ಹಿಂದಕ್ಕೆ ತರುವುದು ಸೌದಿಯಲ್ಲಿ ದೊಡ್ಡ ಅಪರಾಧ. ನೌಕರಿ, ಇಕಾಮಾ ಎರಡೂ ಹೋಗುತ್ತವೆ.

ಕಿರಿಯಾಕೆ: ಸಿನಿಮಾ ಖೋಬರಿನಲ್ಲೇ ಸಿಗುವಾಗ ಇನ್ನು ಹೋಗುವುದಕ್ಕೆ ಕಾರಣವೇ ಉಳಿಯಲಿಲ್ಲವಲ್ಲ?

ಹಿರಿಯಾಕೆ: ಎರಡು ಕಾರಣ ಉಳಿದಿವೆ. ಒಂದು ದೇವರದು. ಸೌದಿಯಲ್ಲಿ ಇಸ್ಲಾಮೇತರರಿಗೆ ಸಾರ್ವಜನಿಕ ಪೂಜಾಸ್ಥಳಗಳಿಲ್ಲ. ಬಹರೈನಿನಲ್ಲಿ ಇವೆ. ಮನಾಮಾದ ಹಳೆಯ ಪೇಟೆಯೊಳಗೆ ಶ್ರೀನಾಥಜಿಯ ಗುಡಿಯಿದೆ. ಸಿಂಧಿನ ಥಟ್ಟಾದಿಂದ ಮುತ್ತು, ಬಟ್ಟೆಯ ವ್ಯಾಪಾರಕ್ಕೆ ಬಂದ ಭಾಟಿಯಾಗಳು ಇನ್ನೂರು ವರ್ಷದ ಹಿಂದೆ ಕಟ್ಟಿಕೊಂಡದ್ದು. ಅದೇ ಊರಿನ ಸೇಕ್ರೆಡ್ ಹಾರ್ಟ್ ಚರ್ಚ್ 1939ರದ್ದು, ಕೊಲ್ಲಿಯ ಈ ತೀರದಲ್ಲಿ ಕ್ಯಾಥೊಲಿಕರಿಗೆ ಸಿಕ್ಕ ಮೊದಲ ಚರ್ಚ್. ಅಲ್ಲಿನ ಅವಾಲಿ ಎಂಬ ಊರಿನಲ್ಲಿ 2021ರ ಡಿಸೆಂಬರಿನಲ್ಲಿ ದೊಡ್ಡ ಕೆಥೆಡ್ರಲ್ ಕೂಡ ಬಂತು. ಅದರ ಜಾಗ ಬಹರೈನಿನ ದೊರೆ ಕೊಟ್ಟದ್ದು. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಕುಟುಂಬಗಳು ವರ್ಷಕ್ಕೆ ಎರಡು ಮೂರು ಸಲವಾದರೂ ಪೂಜೆಗೆಂದೇ ಸೇತುವೆ ದಾಟುತ್ತವೆ. ಭಾನುವಾರ ಕೆಲಸದ ದಿನವಾದ್ದರಿಂದ ಅಲ್ಲಿ ಶುಕ್ರವಾರದ ಪೂಜೆಗೇ ಚರ್ಚ್ ತುಂಬುತ್ತದೆ. ಮನಾಮಾದಲ್ಲಿ ಕನ್ನಡ ಸಂಘವೂ ಇದೆ. ಅದು ಯಕ್ಷಗಾನ ಏರ್ಪಡಿಸಿದ ವಾರ ಸೇತುವೆಯ ಈಚೆ ದಡದವರು ಕುರ್ಚಿ ಹಿಡಿಯಲು ಬೇಗ ಹೊರಡುತ್ತಾರೆ.

ಕಿರಿಯಾಕೆ: ಎರಡನೆಯ ಕಾರಣ?

ಹಿರಿಯಾಕೆ: ಬಹರೈನ್ ದ್ವೀಪವೇ. ನೂರು ಸಲ ಹೋಗಿಬಂದವರಲ್ಲೂ ಹೆಚ್ಚಿನವರು ಅದನ್ನು ನೋಡಿಲ್ಲ. ಮಾಲ್, ಸಿನಿಮಾ, ಬಿರಿಯಾನಿ, ಮತ್ತೆ ಗಡಿಯ ಸಾಲು ಇಷ್ಟರಲ್ಲೇ ಅವರ ಬಹರೈನ್ ಮುಗಿಯುತ್ತದೆ. ಮನಾಮಾದಿಂದ ಪಶ್ಚಿಮಕ್ಕೆ, ಕಡಲ ದಡದಲ್ಲಿ, ಕಲಾತ್ ಅಲ್ ಬಹರೈನ್ ಎಂಬ ಕೋಟೆಯಿದೆ. ಮೇಲೆ ಕಾಣುವುದು ಪೋರ್ಚುಗೀಸರ ಕಾಲದ ಗೋಡೆ. ಕೋಟೆ ನಿಂತಿರುವ ದಿಬ್ಬ ಮಾತ್ರ ಮಣ್ಣಿನ ದಿಬ್ಬವಲ್ಲ, ಊರಿನ ಮೇಲೆ ಊರು ಬಿದ್ದು ಎದ್ದ ದಿಬ್ಬ. ಕ್ರಿಸ್ತಪೂರ್ವ 2300ರಿಂದ ಕ್ರಿಸ್ತಶಕ 16ನೆಯ ಶತಮಾನದ ತನಕ ಜನ ಅಲ್ಲಿ ಬಾಳಿದ್ದಾರೆ. 1950ರ ದಶಕದಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞರು ಅಗೆದಾಗ ದಿಲ್ಮುನ್ ಎಂಬ ಹಳೆಯ ನಾಡಿನ ನಗರ ಹೊರಬಂತು. 2005ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು.

ಕಿರಿಯಾಕೆ: ದಿಲ್ಮುನ್ ಎಂದರೆ?

ಹಿರಿಯಾಕೆ: ಮೆಸೊಪೊಟೇಮಿಯದವರ ಮಣ್ಣಿನ ಹಲಗೆಗಳಲ್ಲಿ ಬರುವ ಹೆಸರು. ಅಕ್ಕಾಡ್‌ನ ದೊರೆ ಸಾರ್ಗೋನನ ಶಾಸನದಲ್ಲಿ ದಿಲ್ಮುನ್, ಮಗಾನ್, ಮೆಲುಹಾದ ಹಡಗುಗಳು ತನ್ನ ಊರಿನ ಕಟ್ಟೆಗೆ ಬಂದು ನಿಂತವು ಎಂಬ ಮಾತಿದೆ. ಮಗಾನ್ ಎಂದರೆ ತಾಮ್ರ ಸಿಗುತ್ತಿದ್ದ ಒಮಾನ್ ಕಡೆ. ಮೆಲುಹಾ ಎಂದರೆ ಸಿಂಧೂ ಕಣಿವೆ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ನಡುದಾರಿಯಲ್ಲಿ ಸಿಹಿನೀರು ತುಂಬಿಕೊಳ್ಳಲು, ಸರಕು ಕೈಬದಲಿಸಲು ಇದ್ದದ್ದು ಈ ದ್ವೀಪ. ಕಡಲ ತಳದಲ್ಲೂ ಇಲ್ಲಿ ಸಿಹಿನೀರಿನ ಊಟೆಗಳಿದ್ದವು. ಬಹರೈನ್ ಎಂಬ ಪದಕ್ಕೆ ಎರಡು ಕಡಲು ಎಂದೇ ಅರ್ಥ; ಒಂದು ಸಿಹಿನೀರಿನದು, ಒಂದು ಉಪ್ಪುನೀರಿನದು ಎಂದು ಕೆಲವರು ಬಿಡಿಸುತ್ತಾರೆ. ಅಗೆತದಲ್ಲಿ ಸಿಂಧೂ ಜನರ ತೂಕದ ಕಲ್ಲುಗಳು ಸಿಕ್ಕಿವೆ. ಸಿಂಧೂ ಲಿಪಿ ಕೊರೆದ ದುಂಡು ಮುದ್ರೆಗಳೂ ಸಿಕ್ಕಿವೆ. ಈ ಮುದ್ರೆಗಳ ಕತೆಯ ಇನ್ನೊಂದು ತುದಿ ನಮ್ಮ ಕಡೆಯವರಿಗೇ ಸಿಕ್ಕಿತು. ಗುಜರಾತಿನ ಲೋಥಲ್‌ನಲ್ಲಿ ಕೊಲ್ಲಿ ಮಾದರಿಯ ದುಂಡು ಮುದ್ರೆಯೊಂದನ್ನು ಗುರುತಿಸಿ 1963ರಲ್ಲಿ ಲೇಖನ ಬರೆದವರು ಎಸ್. ಆರ್. ರಾವ್, ಶಿಕಾರಿಪುರ ರಂಗನಾಥ ರಾವ್, ಕನ್ನಡ ನಾಡಿನವರು.

ಕಿರಿಯಾಕೆ: ಹಾಗಾದರೆ ಈ ಸಮುದ್ರ ದಾಟಿದವರಲ್ಲಿ ಇಕಾಮಾ ಹಿಡಿದವರು ತೀರಾ ಕೊನೆಯವರು.

ಹಿರಿಯಾಕೆ: ನಾಲ್ಕು ಸಾವಿರ ವರ್ಷದ ಸಾಲಿನ ಕೊನೆಯಲ್ಲಿ ನಿಂತವರು. ಕೋಟೆಯ ಜೊತೆಗೆ ಮನಾಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೂ ಹೋಗಬೇಕು. ದಿಲ್ಮುನ್ ಕಾಲದ ಸಮಾಧಿಯೊಂದನ್ನು ಅಗೆದ ಜಾಗದಿಂದ ತಂದು ಹಾಗೇ ಜೋಡಿಸಿಟ್ಟಿದ್ದಾರೆ. ಹೊರಗೆ ದ್ವೀಪದ ಬಯಲಿನಲ್ಲಿ ಅಂಥ ಸಮಾಧಿ ದಿಬ್ಬಗಳು ಇನ್ನೂ ಇವೆ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ತಾಣಗಳಲ್ಲೇ 11,774 ದಿಬ್ಬ. ಆಲಿ ಎಂಬ ಊರಿನಲ್ಲಿ ಮನೆಗಳ ನಡುವೆಯೇ ದೊರೆಗಳ ದಿಬ್ಬಗಳು ಎದ್ದು ನಿಂತಿವೆ. ಅದೇ ಊರು ಕುಂಬಾರಿಕೆಗೂ ಹೆಸರಾದದ್ದು.

ಕಿರಿಯಾಕೆ: ಮುತ್ತಿನ ಕತೆಯೂ ಇದೇ ದ್ವೀಪದ್ದಲ್ಲವೇ?

ಹಿರಿಯಾಕೆ: ಅದನ್ನು ಮನಾಮಾದ ಪಕ್ಕದ ಮುಹರಕ್ ಊರಿನಲ್ಲಿ ನೋಡಬೇಕು. ಮುತ್ತಿನ ವ್ಯಾಪಾರಕ್ಕೆ ಸೇರಿದ 17 ಹಳೆಯ ಕಟ್ಟಡಗಳು, ಒಂದು ತುಂಡು ಕಡಲ ದಡ, ಒಂದು ಸಣ್ಣ ಕೋಟೆ, ಸಮುದ್ರದೊಳಗಿನ ಮೂರು ಚಿಪ್ಪಿನ ಹಾಸು, ಇವೆಲ್ಲ ಸೇರಿ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ನಾವಿಕನ ಮನೆಯಿಂದ ವ್ಯಾಪಾರಿಯ ಮಾಳಿಗೆಯ ತನಕ ಓಣಿಯಲ್ಲಿ ನಡೆದೇ ನೋಡಬಹುದು. ಮುತ್ತು ಹುಡುಕುವವರು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ದೋಣಿಯ ಮೇಲೇ ಇದ್ದು, ಮೂಗಿಗೆ ಚಿಮಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ ಮುಳುಗುತ್ತಿದ್ದರು. ಹೊರಡುವ ಮುಂಚೆ ಮನೆಯ ಖರ್ಚಿಗೆಂದು ದೋಣಿಯ ನಾಯಕ ನಾಖುದಾನಿಂದ ಮುಂಗಡ ತೆಗೆದುಕೊಳ್ಳಬೇಕಿತ್ತು. ಮುತ್ತು ಸಿಗದ ವರ್ಷ ಸಾಲ ಉಳಿಯುತ್ತಿತ್ತು, ಮುಂದಿನ ವರ್ಷವೂ ಅದೇ ದೋಣಿಗೆ ಹೋಗಬೇಕಾಗುತ್ತಿತ್ತು. ವೀಸಾಕ್ಕೆಂದು ಏಜೆಂಟನಿಗೆ ಸಾಲ ಮಾಡಿ ಕೊಟ್ಟು ಗಲ್ಫಿಗೆ ಬಂದವರ ಮನೆಗಳಲ್ಲಿ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮುತ್ತುಗಳ ದೊಡ್ಡ ಮಾರುಕಟ್ಟೆ ಮುಂಬಯಿಯಾಗಿತ್ತು. ಜಪಾನಿನವರು ಬೆಳೆಸಿದ ಮುತ್ತು ಪೇಟೆಗೆ ಬಂದು, 1929ರ ನಂತರದ ಆರ್ಥಿಕ ಕುಸಿತವೂ ಸೇರಿ ವ್ಯಾಪಾರ ಮಲಗಿತು. 1932ರಲ್ಲಿ ಜಬಲ್ ದುಖಾನ್ ಗುಡ್ಡದ ಬುಡದಲ್ಲಿ ಎಣ್ಣೆ ಸಿಕ್ಕಿತು. ಕೊಲ್ಲಿಯ ಅರಬ್ ತೀರದಲ್ಲಿ ಅದೇ ಮೊದಲು.

ಕಿರಿಯಾಕೆ: ಮರುಭೂಮಿಯಲ್ಲಿ ಒಂಟಿ ಮರವಿದೆ ಎನ್ನುತ್ತಾರಲ್ಲ?

ಹಿರಿಯಾಕೆ: ಅದೇ ಗುಡ್ಡದ ಹತ್ತಿರ, ‘ಜೀವವೃಕ್ಷ’. ಸುತ್ತ ಮರಳು ಬಿಟ್ಟರೆ ಏನಿಲ್ಲ, ಕಣ್ಣಿಗೆ ಕಾಣುವ ನೀರಿಲ್ಲ. ನಾನೂರು ವರ್ಷದ ಮರ ಎನ್ನುತ್ತಾರೆ. ಬೇರು ಬಹಳ ಆಳಕ್ಕೆ ಇಳಿದು ತೇವ ಹುಡುಕುವುದು ಅದರ ಜಾತಿಯ ಗುಣ. ಅರಬ್ಬರಿಗೆ ಅದು ಗಾಫ್. ಕನ್ನಡಿಗರಿಗೆ ಬನ್ನಿ, ವಿಜಯದಶಮಿಯ ದಿನ ಸುತ್ತು ಬಂದು ಎಲೆ ಹಂಚಿಕೊಳ್ಳುವ ಅದೇ ಜಾತಿಯ ಮರ. ಅಲ್ಲಿಗೆ ಹೋದವರು ಫೋಟೋ ತೆಗೆಸಿಕೊಂಡು ಬರುತ್ತಾರೆ, ಬನ್ನಿ ಎಂದು ಗುರುತಿಸುವವರು ಕಡಿಮೆ.

ಕಿರಿಯಾಕೆ: ಊಟ ತಿಂಡಿ?

ಹಿರಿಯಾಕೆ: ಇಡ್ಲಿ, ದೋಸೆ, ಮೀನೂಟ ಎಲ್ಲ ಪೇಟೆಯಲ್ಲಿ ಸಿಗುತ್ತವೆ. ಅದಕ್ಕಾಗಿ ಗಡಿ ದಾಟಬೇಕಿಲ್ಲ. ಮನಾಮಾದ ಬಾಬ್ ಅಲ್ ಬಹರೈನ್ ಹೆಬ್ಬಾಗಿಲಿನ ಹಿಂದಿನ ಓಣಿಗಳಲ್ಲಿ ಬೆಳಿಗ್ಗೆ ಬಿಸಿ ಖುಬ್ಜ್ ರೊಟ್ಟಿಯ ಮೇಲೆ ಮೆಹ್ಯಾವಾ ಸವರಿ ಕೊಡುತ್ತಾರೆ. ಮೀನನ್ನು ಉಪ್ಪಿನಲ್ಲಿ ಹುಳಿಸಿ ಮಾಡಿದ ರಸ ಅದು. ಒಣಮೀನಿನ ರುಚಿ ಬಲ್ಲ ಕರಾವಳಿಯವರಿಗೆ ಹಿಡಿಸುತ್ತದೆ. ಮಧ್ಯಾಹ್ನ ಮಚ್‌ಬೂಸ್ ಅನ್ನ, ಮನೆಗೆ ಒಯ್ಯಲು ಮುಹರಕ್‌ನ ಹಲ್ವಾ. ಇಷ್ಟು ಸಾಕು.

ಕಿರಿಯಾಕೆ: ಅನುಮತಿಗೆ 400, ವೀಸಾ, ಸುಂಕ, ಇನ್ಶೂರೆನ್ಸು, ಹೋಟೆಲು ಎಲ್ಲ ಕೂಡಿಸಿದರೆ ಸಣ್ಣ ಸಂಬಳದವರಿಗೆ ಇದು ಭಾರವಲ್ಲವೇ ಅಕ್ಕ?

ಹಿರಿಯಾಕೆ: ಭಾರವೇ. 2017ರಿಂದ ಅವಲಂಬಿತರ ಮೇಲೆ ಶುಲ್ಕ ಬಂತು. ತಿಂಗಳಿಗೆ ತಲಾ 100 ರಿಯಾಲಿನಿಂದ ಶುರುವಾಗಿ ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಎಷ್ಟೋ ಮನೆಗಳಲ್ಲಿ ಹೆಂಡತಿ ಮಕ್ಕಳು ಊರಿಗೆ ಮರಳಿದರು, ಗಂಡಸರು ಒಂದು ಕೋಣೆಯಲ್ಲಿ ನಾಲ್ಕು ಮಂದಿಯಾಗಿ ಉಳಿದರು. ಜೋಡಿಯಾಗಿ ಇಲ್ಲಿ ಉಳಿಯುವುದೇ ದುಬಾರಿ ಎಂದ ಮೇಲೆ ತಿಂಗಳಿಗೊಂದು ಪ್ರವಾಸ ಎನ್ನುವುದು ಎಲ್ಲರಿಗೂ ಆಗುವ ಮಾತಲ್ಲ. ಎಂಟು ಸಲ ಮಾಲ್‌ಗೆ ಹೋಗುವ ಬದಲು ವರ್ಷಕ್ಕೆ ಎರಡು ಸಲ ಹೋಗಲಿ, ಚಳಿಗಾಲದಲ್ಲಿ ಹೋಗಲಿ. ನವೆಂಬರಿನಿಂದ ಮಾರ್ಚ್ ತನಕ ಹಗಲಿನಲ್ಲೂ ಕೋಟೆಯ ಮೇಲೆ ನಿಂತು ನೋಡಬಹುದು. ಆಗಸ್ಟಿನಲ್ಲಿ ಹತ್ತು ಹೆಜ್ಜೆ ನಡೆಯಲಾಗುವುದಿಲ್ಲ.

ಕಿರಿಯಾಕೆ: ಎರಡೇ ದಿನದಲ್ಲಿ ಇಷ್ಟೆಲ್ಲ ನೋಡಲು ಸಮಯ ಸಾಲುವುದೇ?

ಹಿರಿಯಾಕೆ: ಸಾಲುತ್ತದೆ. ದ್ವೀಪ ಚಿಕ್ಕದು, ಮರಳುಗಾಡಿನ ಆ ಮರಕ್ಕೂ ಮನಾಮಾದಿಂದ ಒಂದು ಗಂಟೆಯೊಳಗಿನ ದಾರಿ. ಶುಕ್ರವಾರ ಬೆಳಿಗ್ಗೆ ಗುಡಿಯೋ ಚರ್ಚೋ ಪೇಟೆಯೋ. ಮಧ್ಯಾಹ್ನ ವಸ್ತುಸಂಗ್ರಹಾಲಯ, ಬಿಸಿಲು ಇಳಿದ ಮೇಲೆ ಕೋಟೆ. ಅಲ್ಲಿಂದ ಸೂರ್ಯ ಕಡಲಿಗೆ ಇಳಿಯುವುದು ಕಾಣುತ್ತದೆ. ಶನಿವಾರ ಮುಂಜಾನೆ ಮುಹರಕ್‌ನ ಓಣಿ, ಆಮೇಲೆ ಸೇತುವೆ. ಜೊತೆಗೆ ಮಕ್ಕಳಿದ್ದರೆ ವಸ್ತುಸಂಗ್ರಹಾಲಯದ ದುಂಡು ಮುದ್ರೆಗಳ ಮುಂದೆ ಅವರನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಲೋಥಲ್‌ನ ಮುದ್ರೆಯ ಕತೆ ಹೇಳಿ.